ಕ್ಷಮೆ ಹೊಂದಿದವರು ತಿರಿಗಿ ಎಡವಿದಾಗ



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕ ಲೇಖನವೆಂದರೆ ಪರೀಕ್ಷೆಯ ಫಲಿತಾಂಶ, ಕಟ್ಟಡದ ದುರಸ್ತಿ, ದಾನಿಗಳ ಔದಾರ್ಯ ಇವುಗಳ ವರದಿಯಾಗಿರುವುದು ವಾಡಿಕೆ. ಆ ವರದಿಯು ಈ ಸಂಚಿಕೆಯಲ್ಲಿ ಬೇರೆ ಕಡೆ ಬಂದಿರುವ ಕಾರಣ ನನಗೆ ಸ್ವಲ್ಪ ಬಿಡುವು ದೊರೆತಂತಾಯಿತು. ಆ ಬಿಡುವಿನಲ್ಲಿ, ನಮ್ಮ ಪೋಷಕರಲ್ಲೊಬ್ಬರು ನನ್ನ ಮುಂದಿಟ್ಟ ಒಂದು ಪ್ರಶ್ನೆಯನ್ನೂ, ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಣ್ಣೀರಿನೊಡನೆ ಕೇಳಿದ ಇನ್ನೊಂದು ಪ್ರಶ್ನೆಯನ್ನೂ ಕುರಿತು ನಿಮ್ಮ ಸಂಗಡ ವಿಚಾರಮಾಡಬೇಕೆಂದು ಅಪೇಕ್ಷಿಸಿದ್ದೇನೆ.

ಮೊದಲನೆಯ ಪ್ರಶ್ನೆಯನ್ನು ಕೇಳಿದವರು ದಾವಣಗೆರೆಯ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಗೃಹಸ್ಥರು, ವೀರಶೈವ ಮನೆತನದವರು, ಮಗಳ ವಿದ್ಯೆಯ ವಿಷಯದಲ್ಲಿ ಬಹಳ ಶ್ರದ್ಧೆಯುಳ್ಳವರು. ಶುಲ್ಕ ಕಟ್ಟಲು ಬಂದ ದಿನ ಅವರು ಸಂಕೋಚದಿಂದಲೇ, “ಅಮ್ಮನವರೇ, ತಪ್ಪು ತಿಳಿಯಬೇಡಿರಿ. ನಿಮ್ಮ ಸ್ವಾಮಿ ಸಕಲ ಪಾಪಗಳನ್ನೂ ಕ್ಷಮಿಸಿಬಿಟ್ಟನೆಂದು ಮಗಳು ಮನೆಯಲ್ಲಿ ಪಾಠ ಒಪ್ಪಿಸುತ್ತಾಳೆ. ನನ್ನದು ವ್ಯಾಪಾರಿಯ ಬುದ್ಧಿ. ವರ್ಷವರ್ಷವೂ ಸಾಲ ಮನ್ನಾ ಆಗುವುದೆಂದು ಗೊತ್ತಾದರೆ ಕಂತು ಕಟ್ಟುವವರು ಯಾರು?” ಎಂದು ಕೇಳಿದರು. ಪೌಲನು ರೋಮಾಪುರದ ಸಭೆಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವು ಹೆಚ್ಚುಕಡಿಮೆ ಇದೇ ಪ್ರಶ್ನೆಯಿಂದ ಆರಂಭವಾಗುತ್ತದೆಂಬುದು ಆ ಮಹನೀಯರಿಗೆ ತಿಳಿದಿರಲಾರದು. ಯೋಗ್ಯವಾದ ಪ್ರಶ್ನೆಗಳು ಸಾವಿರದ ಒಂಬೈನೂರು ವರ್ಷ ಕಳೆದರೂ ಹಳತಾಗುವುದಿಲ್ಲವೆಂದು ನಾನು ಮನಸ್ಸಿನಲ್ಲೇ ಸಂತೋಷಪಟ್ಟೆನು.

ಎರಡನೆಯ ಪ್ರಶ್ನೆಯು ಬಂದದ್ದು ನಮ್ಮ ಸಭೆಯೊಳಗಿನಿಂದಲೇ. ನಮ್ಮಲ್ಲಿ ಹತ್ತನೆಯ ತರಗತಿ ಮುಗಿಸಿ ಕಾಲೇಜಿಗೆ ಸೇರಿದ ಒಬ್ಬ ಹುಡುಗಿಯು ಆ ವರ್ಷವೇ ದೃಢೀಕರಣ ಹೊಂದಿದ್ದಳು. ಮುಂದಿನ ಕ್ರಿಸ್ಮಸ್ ಆರಾಧನೆಯಲ್ಲಿ ಅವಳ ಸಾಲಿನವರೆಲ್ಲರೂ ಕರ್ತನ ಭೋಜನಕ್ಕೆ ಎದ್ದುಹೋದಾಗ ಅವಳೊಬ್ಬಳು ತಲೆತಗ್ಗಿಸಿಕೊಂಡು ಕುಳಿತಿದ್ದಳು. ಆರಾಧನೆಯು ಮುಗಿದ ಮೇಲೆ ಅವಳೇ ನನ್ನ ಬಳಿಗೆ ಬಂದಳು. “ಟೀಚರ್, ದೃಢೀಕರಣದ ದಿನ ಎಲ್ಲವನ್ನೂ ಬಿಟ್ಟೆನೆಂದು ದೇವರ ಮುಂದೆ ಹೇಳಿಬಂದೆನು. ಮೂರು ತಿಂಗಳಲ್ಲಿ ಎಲ್ಲವೂ ತಿರಿಗಿ ಬಂತು. ಅಕ್ಕನ ಮೇಲಿನ ಹೊಟ್ಟೆಕಿಚ್ಚು ಬಂತು. ಅಮ್ಮನಿಗೆ ಸುಳ್ಳು ಹೇಳುವುದೂ ಬಂತು. ನಿಜವಾಗಿ ರಕ್ಷಣೆ ಹೊಂದಿದವರು ಪಾಪಮಾಡುವುದೇ ಇಲ್ಲವೆಂದು ಪ್ರಾರ್ಥನಾಕೂಟದಲ್ಲಿ ಒಬ್ಬರು ಹೇಳಿದರು. ಹಾಗಾದರೆ ಅಂದು ನನಗಾದದ್ದು ಸುಳ್ಳೇ?” ಎಂದು ಕೇಳಿ ಅತ್ತಳು.

ಕ್ಷಮೆಯು ಅಗ್ಗವಾಯಿತೆಂದು ವ್ಯಾಪಾರಿಗಳ ಭಯ. ತನ್ನ ಪಾಲಿನ ಕ್ಷಮೆ ತೀರಿಹೋಯಿತೆಂದು ಹುಡುಗಿಯ ಭಯ. ಇವೆರಡರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಹುಡುಗಿಯದೇ ಎಂದು ಒಪ್ಪಿಕೊಳ್ಳುತ್ತೇನೆ. ಯಾಕಂದರೆ ವ್ಯಾಪಾರಿಗಳು ಪ್ರಶ್ನೆ ಕೇಳಿ ನಿಶ್ಚಿಂತೆಯಿಂದ ಅಂಗಡಿಗೆ ಹೋದರು. ಅವಳು ಊಟದ ಮೇಜಿನಿಂದ ಹಸಿದೇ ಹಿಂದಿರುಗಿದ್ದಳು.

ವಿಶ್ವಾಸಿಗಳು ಪಾಪಮಾಡುವುದಿಲ್ಲವೆಂದು ಹೇಳುವವರು ಒಂದು ಸಾಮಾನ್ಯ ಸಂಗತಿಯನ್ನು ಗಮನಿಸುವುದಿಲ್ಲ. ಯೇಸುಸ್ವಾಮಿಯು ತನ್ನ ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆಯಲ್ಲಿ ಅನುದಿನದ ಆಹಾರದ ಬೇಡಿಕೆಯೂ ತಪ್ಪುಗಳ ಕ್ಷಮೆಯ ಬೇಡಿಕೆಯೂ ಒಂದರ ಪಕ್ಕದಲ್ಲೊಂದು ನಿಂತಿವೆ. ಬೆಳಿಗ್ಗೆ ರೊಟ್ಟಿ ತಿಂದವಳಿಗೆ ಸಾಯಂಕಾಲ ಹಸಿವಾದರೆ ಆ ಬೆಳಗಿನ ರೊಟ್ಟಿ ಸುಳ್ಳೆಂದು ಯಾರೂ ಹೇಳುವುದಿಲ್ಲ. ಇದಲ್ಲದೆ ಆ ಪ್ರಾರ್ಥನೆಯು ದೇವರನ್ನು ತಂದೆಯೆಂದು ಕರೆದು ಆರಂಭವಾಗುತ್ತದೆ. ಕ್ಷಮೆಯನ್ನು ಬೇಡುವುದು ಆಮೇಲೆ. ಮಗಳಾಗುವುದಕ್ಕಾಗಿ ಕ್ಷಮೆ ಬೇಡುವುದು ಒಂದು, ಮಗಳಾಗಿರುವುದರಿಂದ ಕ್ಷಮೆ ಬೇಡುವುದು ಇನ್ನೊಂದು. ನಮ್ಮ ಸಭೆಯ ಆರಾಧನಾಕ್ರಮವೂ ಹೀಗೆಯೇ ಇದೆ. ಪಾಪದ ಅರಿಕೆಯನ್ನು ಮಾಡುವಾಗ ಮೊನ್ನೆ ದೀಕ್ಷಾಸ್ನಾನ ಹೊಂದಿದವರೂ, ಅರುವತ್ತು ವರ್ಷದಿಂದ ಅದೇ ಬೆಂಚಿನಲ್ಲಿ ಕೂಡುವ ಅಜ್ಜಿಯರೂ, ಸ್ವತಃ ಸಭಾಪಾಲಕರೂ ಒಟ್ಟಾಗಿಯೇ ಅದನ್ನು ಹೇಳುತ್ತೇವೆ. ಕಳೆದ ವಾರ ಹೇಳಿ ಆಯಿತೆಂದು ಯಾರನ್ನೂ ಬಿಡುವುದಿಲ್ಲ.

ಅಪೊಸ್ತಲರ ಚರಿತ್ರೆಯಲ್ಲಿಯೂ ಇದಕ್ಕೆ ನಿದರ್ಶನವುಂಟು. ಪೇತ್ರನು ಕೋಳಿ ಕೂಗುವುದಕ್ಕೆ ಮುಂಚೆ ಮೂರು ಸಾರಿ ತನ್ನ ಗುರುವನ್ನು ಅರಿಯೆನೆಂದದ್ದೂ, ಸಮುದ್ರತೀರದಲ್ಲಿ ಮೂರು ಸಾರಿ ಪ್ರೀತಿಯ ಪ್ರಶ್ನೆಗೆ ಉತ್ತರಕೊಟ್ಟು ತಿರಿಗಿ ಕುರಿಪಾಲಕನಾದದ್ದೂ ಸಂಡೆಸ್ಕೂಲಿನ ಮಕ್ಕಳೆಲ್ಲರೂ ಬಲ್ಲ ಕಥೆ. ಆದರೆ ಅದರ ಮುಂದಿನ ಭಾಗವನ್ನು ನಾವು ಮಕ್ಕಳಿಗೆ ಅಷ್ಟಾಗಿ ಹೇಳುವುದಿಲ್ಲ. ಪವಿತ್ರಾತ್ಮನನ್ನು ಹೊಂದಿ, ಸಾವಿರಾರು ಜನರಿಗೆ ಸಾರಿ, ಸೆರೆಮನೆಯನ್ನೂ ಕಂಡ ಬಳಿಕ ಇದೇ ಪೇತ್ರನು ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ, ಅನ್ಯಜನರೊಳಗಿಂದ ಬಂದ ವಿಶ್ವಾಸಿಗಳ ಸಂಗಡ ಊಟಮಾಡುವುದನ್ನು ಬಿಟ್ಟು ದೂರ ಸರಿದನು. ಪೌಲನು ಎಲ್ಲರೆದುರಿಗೆ ಅವನನ್ನು ಖಂಡಿಸಬೇಕಾಯಿತೆಂದು ಗಲಾತ್ಯದವರ ಪತ್ರಿಕೆಯಲ್ಲಿದೆ. ಪಂಕ್ತಿಭೇದವು ಎಂಥ ಪಾಪವೆಂಬುದನ್ನು ನಮ್ಮ ದೇಶದವರಿಗೆ ವಿವರಿಸಬೇಕಾಗಿಲ್ಲ. ಇದು ರಕ್ಷಣೆಗೆ ಮುಂಚಿನ ತಪ್ಪಲ್ಲ, ಬಹಳ ಅನಂತರದ್ದು. ಸಣ್ಣ ತಪ್ಪೂ ಅಲ್ಲ. ಆದರೂ ಪೇತ್ರನು ಆ ದಿನ ಅಪೊಸ್ತಲನಲ್ಲದೆ ಹೋದನೆಂದು ಪೌಲನು ಬರೆಯಲಿಲ್ಲ. ಅವನು ಸುವಾರ್ತೆಗೆ ಸರಿಯಾಗಿ ನಡೆಯುತ್ತಿಲ್ಲವೆಂದು ಮಾತ್ರ ಹೇಳಿದನು.

ನಮ್ಮ ಕನ್ನಡನಾಡಿನ ಹಳೆಯ ಕ್ರೈಸ್ತ ಮನೆಗಳಲ್ಲಿ ಸತ್ಯವೇದದ ಪಕ್ಕದಲ್ಲಿ ಇನ್ನೊಂದು ಪುಸ್ತಕವಿರುತ್ತಿತ್ತು. ಅದು ‘ಯಾತ್ರಿಕನ ಸಂಚಾರ’. ಇಂಗ್ಲೆಂಡಿನ ಬೆಡ್‌ಫರ್ಡಿನಲ್ಲಿ ಹನ್ನೆರಡು ವರ್ಷ ಸೆರೆಯಲ್ಲಿದ್ದ ಜಾನ್ ಬನ್ಯನ್ ಎಂಬ ಕಲಾಯಿಗಾರನು 1678ರಲ್ಲಿ ಪ್ರಕಟಿಸಿದ ಈ ಗ್ರಂಥವು ಹತ್ತೊಂಬತ್ತನೆಯ ಶತಮಾನದಲ್ಲೇ ಮಿಷನರಿಗಳ ಪ್ರಯತ್ನದಿಂದ ಕನ್ನಡಕ್ಕೆ ಬಂತು. ನನ್ನ ಅಜ್ಜಿ ಓದಬಲ್ಲವಳಾಗಿದ್ದ ಪುಸ್ತಕಗಳು ಎರಡೇ, ಇದು ಅವುಗಳಲ್ಲೊಂದು. ಯಾತ್ರಿಕನ ಬೆನ್ನಿನ ಭಾರವು ಶಿಲುಬೆಯ ಬುಡದಲ್ಲಿ ಕಳಚಿಬಿದ್ದು ಉರುಳಿಹೋಗುವ ಪ್ರಸಂಗವೇ ಎಲ್ಲರಿಗೂ ನೆನಪಿರುವುದು. ಆದರೆ ಆ ಪ್ರಸಂಗವು ಕಥೆಯ ಯಾವ ಭಾಗದಲ್ಲಿ ಬರುತ್ತದೆಂಬುದನ್ನು ಗಮನಿಸಿರಿ. ಅದು ಕೊನೆಯಲ್ಲಿಲ್ಲ, ಪ್ರಯಾಣವು ಇನ್ನೂ ಬಹುಪಾಲು ಉಳಿದಿರುವಾಗಲೇ ಬಂದುಹೋಗುತ್ತದೆ. ಅದರ ಬಳಿಕ ಅವನು ಏರುದಾರಿಯ ನೆರಳಿನಲ್ಲಿ ನಿದ್ರೆಹೋಗಿ ತನ್ನ ಸುರುಳಿಯನ್ನು ಕಳೆದುಕೊಳ್ಳುತ್ತಾನೆ. ಸೈತಾನನ ದೂತನ ಸಂಗಡ ಹೋರಾಡಿ ಗಾಯಗೊಳ್ಳುತ್ತಾನೆ. ಕಾಲಿಗೆ ಮೆತ್ತಗಿದೆಯೆಂದು ಅಡ್ಡದಾರಿ ಹಿಡಿದು, ಸಂಶಯದ ಕೋಟೆಯಲ್ಲಿ ನಿರಾಶೆಯೆಂಬ ರಾಕ್ಷಸನ ಕೈಗೆ ಸಿಕ್ಕಿ ಪೆಟ್ಟು ತಿನ್ನುತ್ತಾನೆ. ಇಷ್ಟಾದರೂ ಕಳಚಿಬಿದ್ದ ಆ ಭಾರವು ಬಂದು ತಿರಿಗಿ ಅವನ ಬೆನ್ನೇರಿತೆಂದು ಬನ್ಯನ್ ಎಲ್ಲಿಯೂ ಬರೆಯಲಿಲ್ಲ. ಕೋಟೆಯ ಬೀಗವನ್ನು ತೆರೆದ ಬೀಗದ ಕೈಯೂ ಹೊರಗಿನಿಂದ ಬಂದದ್ದಲ್ಲ. ವಾಗ್ದಾನವೆಂಬ ಆ ಕೈ ಆರಂಭದಿಂದಲೂ ಅವನ ಎದೆಯಲ್ಲೇ ಇತ್ತು. ಪೆಟ್ಟು ತಿನ್ನುತ್ತಿದ್ದಷ್ಟು ಹೊತ್ತು ಅದು ಅವನ ನೆನಪಿಗೆ ಬರಲಿಲ್ಲ, ಅಷ್ಟೇ. ಸಂಶಯದ ಕೋಟೆಯ ವರ್ಣನೆ ಇಷ್ಟು ಸಹಜವಾಗಿರುವುದಕ್ಕೆ ಕಾರಣವುಂಟು. ತನಗೆ ಇನ್ನು ಕ್ಷಮೆಯಿಲ್ಲವೆಂಬ ಭೀತಿಯಲ್ಲಿ ಬನ್ಯನ್ ತಾನೇ ಬಹುಕಾಲ ನರಳಿದವನು. 1666ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಅದನ್ನು ಮರೆಮಾಚದೆ ತಿಳಿಸಿದ್ದಾನೆ.

ಬನ್ಯನನಿಗಿಂತಲೂ ನಮ್ಮ ಸೀಮೆಗೆ ಹತ್ತಿರದವನು ಜಾನ್ ವೆಸ್ಲಿ. ದಾವಣಗೆರೆ ಹರಿಹರಗಳು 1997ರ ವರೆಗೆ ಚಿತ್ರದುರ್ಗ ಜಿಲ್ಲೆಗೂ, ಅದಕ್ಕೆ ಪೂರ್ವದಲ್ಲಿ ಮೈಸೂರು ಸಂಸ್ಥಾನಕ್ಕೂ ಸೇರಿದ್ದವು. ಆ ಸಂಸ್ಥಾನದಲ್ಲಿ ಶಾಲೆ, ಆಸ್ಪತ್ರೆ, ಅಚ್ಚುಕೂಟಗಳನ್ನು ನಡೆಸಿದ ಮಿಷನ್ನುಗಳಲ್ಲಿ ಪ್ರಮುಖವಾದದ್ದು ವೆಸ್ಲಿಯ ಹೆಸರನ್ನೇ ಹೊತ್ತ ವೆಸ್ಲಿಯನ್ ಮಿಷನ್. ಇಂದಿನ ನಮ್ಮ ಸಭೆಗಳ ಅನೇಕ ಕುಟುಂಬಗಳವರು ಅದರ ಮೊಮ್ಮಕ್ಕಳೇ. 1738ನೆಯ ಮೇ 24ರ ರಾತ್ರಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ, ರೋಮಾಪುರದವರ ಪತ್ರಿಕೆಗೆ ಲೂಥರನು ಬರೆದ ಪೀಠಿಕೆಯನ್ನು ಯಾರೋ ಓದುತ್ತಿರುವಾಗ, ವೆಸ್ಲಿಗೆ ತನ್ನ ಪಾಪಗಳು ಪರಿಹಾರವಾದವೆಂಬ ನಿಶ್ಚಯವುಂಟಾಗಿ ಹೃದಯದಲ್ಲಿ ಹಿಂದೆಂದೂ ಕಾಣದ ಬಿಸುಪು ತೋರಿತು. ಈ ವೃತ್ತಾಂತವನ್ನು ನಮ್ಮ ಹಿರಿಯರು ಮೇ ತಿಂಗಳು ಬಂತೆಂದರೆ ಹೇಳದೆ ಬಿಡುತ್ತಿರಲಿಲ್ಲ. ಆದರೆ ಇಲ್ಲಿಗೆ ನಿಲ್ಲಿಸಿಬಿಟ್ಟರೆ ನಮ್ಮ ಹುಡುಗಿಗೆ ಅನ್ಯಾಯವಾದಂತಾಗುತ್ತದೆ. ಎಂಟು ತಿಂಗಳೂ ತುಂಬಿರಲಿಲ್ಲ. 1739ನೆಯ ಜನವರಿ 4ರಂದು ಅದೇ ವೆಸ್ಲಿಯು ತಾನು ಕ್ರೈಸ್ತನೇ ಅಲ್ಲವೆಂದು ತನ್ನ ದಿನಚರಿಯಲ್ಲಿ ಬರೆದುಕೊಂಡನು. 1766ರಲ್ಲಿ, ಅಂದರೆ ಅರುವತ್ತು ದಾಟಿ, ಸಹಸ್ರಾರು ಜನರಿಗೆ ರಕ್ಷಣೆಯ ನಿಶ್ಚಯವನ್ನು ಬೋಧಿಸಿದ ಬಳಿಕ, ತಮ್ಮನಾದ ಚಾರ್ಲ್ಸ್‌ಗೆ ಬರೆದ ಕಾಗದದಲ್ಲಿ ತನಗೆ ದೇವರ ಮೇಲೆ ಎಂದೂ ಪ್ರೀತಿಯಿರಲಿಲ್ಲವೆಂದು ತಿಳಿಸಿದನು. ಆ ಮಾತನ್ನು ಸಾಮಾನ್ಯ ಓದುಗರಿಗೆ ತಿಳಿಯದಂತೆ ಸಂಕೇತಲಿಪಿಯಲ್ಲಿ ಬರೆದನೆಂಬುದು ಮನಸ್ಸಿಗೆ ನಾಟುವ ಸಂಗತಿ. ಹೀಗಿದ್ದರೂ ಮರುದಿನ ಬೆಳಿಗ್ಗೆ ಕುದುರೆಯೇರಿ ಸಾರುವುದಕ್ಕೆ ಹೊರಡುವುದನ್ನು ಅವನು ಬಿಡಲಿಲ್ಲ. ಹೃದಯದ ಬಿಸುಪೇ ನಿಶ್ಚಯದ ಆಧಾರವಾಗಿದ್ದರೆ ಅವನು ಎಂದೋ ಮನೆಯಲ್ಲಿ ಕೂಡಬೇಕಾಗಿತ್ತು. ಹರಿಹರದಲ್ಲಿ ತುಂಗಭದ್ರೆ ತುಂಬಿ ಹರಿಯುವಾಗ ಸೇತುವೆಯನ್ನು ಧೈರ್ಯವಾಗಿ ದಾಟುವವರೂ ಉಂಟು, ಕಣ್ಣು ಮುಚ್ಚಿಕೊಂಡು ನಡುಗುತ್ತ ದಾಟುವವರೂ ಉಂಟು. ಸೇತುವೆಯು ಇಬ್ಬರನ್ನೂ ಹೊರುತ್ತದೆ.

ಇನ್ನು, ವಿಶ್ವಾಸಿಯಲ್ಲಿ ಪಾಪವೇ ಇರುವುದಿಲ್ಲವೆಂಬ ಬೋಧನೆಯು ವೆಸ್ಲಿಯ ಕಾಲದಲ್ಲೂ ತಲೆಯೆತ್ತಿತ್ತು. ಅವನ ಸ್ವಂತ ಕೂಟದವರಲ್ಲೇ ಜಾರ್ಜ್ ಬೆಲ್ ಎಂಬವನು ತಾನು ಪರಿಪೂರ್ಣನಾದೆನೆಂದು ಹೇಳಿಕೊಂಡು, 1763ನೆಯ ಫೆಬ್ರವರಿ 28ರಂದು ಲೋಕವೇ ಮುಗಿಯುವುದೆಂದು ಸಾರಿ ಲಂಡನ್ನಿನಲ್ಲಿ ಗಲಭೆಯೆಬ್ಬಿಸಿದನು. ಆ ವರ್ಷವೇ ವೆಸ್ಲಿಯು ವಿಶ್ವಾಸಿಗಳಲ್ಲಿ ಉಳಿದಿರುವ ಪಾಪವನ್ನು ಕುರಿತು ಒಂದು ಪ್ರಸಂಗವನ್ನೂ, 1767ರಲ್ಲಿ ವಿಶ್ವಾಸಿಗಳ ಪಶ್ಚಾತ್ತಾಪವನ್ನು ಕುರಿತು ಮತ್ತೊಂದು ಪ್ರಸಂಗವನ್ನೂ ಪ್ರಕಟಿಸಿದನು. ಪಾಪದ ಅಪರಾಧವು ಬೇರೆ, ಅದರ ದೊರೆತನವು ಬೇರೆ, ಅದರ ಇರವು ಬೇರೆ ಎಂದು ವಿಂಗಡಿಸಿ ತೋರಿಸಿದ್ದೇ ಅವುಗಳ ಸಾರ. ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ, ಮನೆಯು ಕ್ರಯವಾಗಿ ಪತ್ರವೂ ನೋಂದಣಿಯಾದ ಮೇಲೆ ಬಿಡದೆ ಕುಳಿತಿರುವ ಹಳೆಯ ಬಾಡಿಗೆದಾರನಂತೆ ಪಾಪವು ಕೆಲವು ಕಾಲ ಒಂದು ಕೋಣೆಯಲ್ಲಿ ಕುಳಿತಿರುತ್ತದೆ; ರಾತ್ರಿ ಗದ್ದಲವನ್ನೂ ಮಾಡುತ್ತದೆ. ಅವನನ್ನು ಹೊರಡಿಸುವ ಕೆಲಸವು ದಿನದಿನದ ಕಷ್ಟದ ಕೆಲಸ. ಆದರೆ ಅವನ ಗದ್ದಲವನ್ನು ಕೇಳಿ ಪತ್ರವೇ ಸುಳ್ಳೆಂದು ತಿಳಿಯುವ ಒಡೆಯಳು ಬುದ್ಧಿವಂತಳಲ್ಲ.

ಇಷ್ಟು ಹೇಳಿದ ಮೇಲೆ, ರಕ್ಷಣೆ ಹೊಂದಿದವರು ಬಿದ್ದುಹೋಗಲು ಸಾಧ್ಯವೇ ಇಲ್ಲವೋ ಎಂದು ಕೇಳುವವರುಂಟು. ದೇವರು ಆರಿಸಿಕೊಂಡವರನ್ನು ಕಡೆಯ ವರೆಗೂ ಕಾಪಾಡುತ್ತಾನೆಂದು ಕ್ಯಾಲ್ವಿನನ ಅನುಯಾಯಿಗಳು. ಮನಃಪೂರ್ವಕವಾಗಿ ಬೆನ್ನುತಿರುಗಿಸಿ ಹೋಗುವವರು ಅದನ್ನು ಕಳೆದುಕೊಳ್ಳಬಲ್ಲರೆಂದು ವೆಸ್ಲಿಯವರು. ಈ ವಾದದಲ್ಲಿ ವೆಸ್ಲಿಗೂ ಅವನ ಪ್ರಿಯ ಸ್ನೇಹಿತ ಜಾರ್ಜ್ ವೈಟ್‌ಫೀಲ್ಡ್‌ಗೂ ಕೆಲವು ವರ್ಷ ಮನಸ್ತಾಪವೇ ಉಂಟಾಯಿತು. 1810ರಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಆರಂಭಿಸಿದ ಲಂಡನ್ ಮಿಷನ್ನಿನವರು ಒಂದು ಪಕ್ಷಕ್ಕೆ ಸಮೀಪದವರು, ಮೈಸೂರಿನ ವೆಸ್ಲಿಯನ್ನರು ಇನ್ನೊಂದು ಪಕ್ಷದವರು. 1947ನೆಯ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆಯು ಸ್ಥಾಪಿತವಾದಾಗ ಈ ಇಬ್ಬರೂ ವಾದವನ್ನು ಮುಗಿಸದೆಯೇ ಒಂದೇ ಮೇಜಿಗೆ ಬಂದರು. ಶೈವವೈಷ್ಣವರ ತರ್ಕಕ್ಕೆ ಹದಿಮೂರನೆಯ ಶತಮಾನದಲ್ಲೇ ದೇಗುಲವನ್ನು ಕಟ್ಟಿ ಉತ್ತರ ಹೇಳಿದ ಹರಿಹರದ ನೆರೆಯವರಾದ ನಮಗೆ ಇದೇನೂ ವಿಚಿತ್ರವಲ್ಲ. ನಮ್ಮ ದೇಶದ ಶ್ರೀವೈಷ್ಣವ ಆಚಾರ್ಯರೂ ಇದೇ ಪ್ರಶ್ನೆಯನ್ನು ಕೋತಿಯ ಮರಿ, ಬೆಕ್ಕಿನ ಮರಿ ಎಂಬ ಎರಡು ನ್ಯಾಯಗಳಿಂದ ಚರ್ಚಿಸಿದ್ದಾರೆ. ಕೋತಿಯ ಮರಿ ತಾಯಿಯನ್ನು ತಾನೇ ಅವಚಿಕೊಂಡಿರುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಹರಿಹರದ ಆರೋಗ್ಯಮಾತೆಯ ದೇವಾಲಯಕ್ಕೆ ಹೋಗುವ ನಮ್ಮ ಕಥೋಲಿಕ ಸಹೋದರಿಯರು ಗುರುಗಳ ಮುಂದೆ ಪಾಪನಿವೇದನೆ ಮಾಡಿ ವಿಮೋಚನೆಯ ಮಾತನ್ನು ಕಿವಿಯಾರೆ ಕೇಳಿ ಬರುತ್ತಾರೆ. ಕಡೆಯ ವರೆಗೂ ನಿಲ್ಲುವೆನೆಂಬ ನಿಶ್ಚಯವನ್ನು ತಾನಾಗಿ ಹೇಳಿಕೊಳ್ಳುವುದು ಅತಿಯಾಯಿತೆಂದು ಅವರ ಸಭೆಯ ಬೋಧನೆ. ನನ್ನ ಅಭಿಪ್ರಾಯವನ್ನು ಕೇಳಿದರೆ, ಅಳುತ್ತ ಬಂದಿರುವ ಹುಡುಗಿಗೆ ಬೆಕ್ಕಿನ ಮರಿಯ ಕಥೆಯನ್ನೂ, ಬೇಜವಾಬ್ದಾರಿಯಿಂದ ನಗುತ್ತ ಬಂದಿರುವವಳಿಗೆ ಕೋತಿಯ ಮರಿಯ ಕಥೆಯನ್ನೂ ಹೇಳುವುದು ಲೇಸು. ದೇವಜ್ಞಾನದ ಪಂಡಿತರು ಇದಕ್ಕೆ ಒಪ್ಪಲಿಕ್ಕಿಲ್ಲ. ಆದರೆ ಅವರಿಗೆ ಬೋರ್ಡಿಂಗ್ ನಡೆಸುವ ಕೆಲಸವಿಲ್ಲ.

ಈಗ ನಮ್ಮ ವ್ಯಾಪಾರಿ ಮಹನೀಯರ ಪ್ರಶ್ನೆಗೆ ಬರುತ್ತೇನೆ. ಸರ್ಕಾರವು ಮನ್ನಾ ಮಾಡುವ ಸಾಲದಲ್ಲಿ ಸಾಲಗಾರನ ಮುಖವನ್ನು ಯಾರೂ ಕಾಣುವುದಿಲ್ಲ; ಆ ನಷ್ಟವು ಯಾರ ಮೇಲೆ ಬಿತ್ತೆಂದೂ ಅವನಿಗೆ ತಿಳಿಯದು. ಕ್ರೈಸ್ತರು ನಂಬುವ ಕ್ಷಮೆ ಹಾಗಲ್ಲ. ಕೊಟ್ಟವನ ಕೈಯ ಗಾಯವನ್ನು ನೋಡಿಕೊಂಡೇ ಅದನ್ನು ತೆಗೆದುಕೊಳ್ಳಬೇಕು. ನೋಡಿಯೂ ಮನಸ್ಸು ಕರಗದವರು ಉಂಟು. ಅವರಿಗಾಗಿಯೇ ಜರ್ಮನಿಯ ದೀತ್ರಿಚ್ ಬಾನ್‌ಹೋಫರ್ 1937ರಲ್ಲಿ ಅಗ್ಗದ ಕೃಪೆಯನ್ನು ಖಂಡಿಸಿ ಪುಸ್ತಕ ಬರೆದನು, 1945ರಲ್ಲಿ ಹಿಟ್ಲರನ ಆಳುಗಳ ಕೈಯಲ್ಲಿ ಪ್ರಾಣವನ್ನೂ ಕೊಟ್ಟನು. ಅದಲ್ಲದೆ, ದೇವರ ಕ್ಷಮೆಯಿಂದ ಮನುಷ್ಯರ ಲೆಕ್ಕ ಚುಕ್ತವಾಗುವುದಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಬೋರ್ಡಿಂಗಿನಲ್ಲಿ ಒಬ್ಬಳು ಇನ್ನೊಬ್ಬಳ ಪೆಟ್ಟಿಗೆಯಿಂದ ಇನ್ನೂರು ರೂಪಾಯಿ ತೆಗೆದುಕೊಂಡಳು. ಮರುದಿನ ಪ್ರಾರ್ಥನೆಯಲ್ಲಿ ದೇವರ ಕ್ಷಮೆ ಬೇಡಿ ಸಮಾಧಾನ ಹೊಂದಿದೆನೆಂದು ಹೇಳಿದಳು. “ಬಹಳ ಸಂತೋಷವಮ್ಮಾ. ಹಣ ಕಳೆದುಕೊಂಡವಳ ಸಮಾಧಾನ ಎಲ್ಲಿದೆ?” ಎಂದು ನಾನು ಕೇಳಿದೆನು. ಜಕ್ಕಾಯನು ಕರ್ತನನ್ನು ಮನೆಗೆ ಸೇರಿಸಿಕೊಂಡ ದಿನವೇ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುವೆನೆಂದು ಎದ್ದುನಿಂತನು. ಕ್ಷಮೆ ಸಿಕ್ಕಲೆಂದು ಅವನು ಕೊಡಲಿಲ್ಲ, ಸಿಕ್ಕಿದ್ದರಿಂದ ಕೊಟ್ಟನು. ನಮ್ಮವಳು ನಾಲ್ಕು ತಿಂಗಳಲ್ಲಿ, ಮನೆಯವರು ಖರ್ಚಿಗೆ ಕೊಡುತ್ತಿದ್ದ ಹಣದಲ್ಲಿ ಉಳಿಸಿ, ಇನ್ನೂರನ್ನೂ ತೀರಿಸಿದಳು. ನೋಡಿರಿ, ಮನ್ನಾ ಆದ ಮೇಲೂ ಕಂತು ಕಟ್ಟಿದವಳು ಇವಳು. ಈಗ ಒಂದು ಸಹಕಾರಿ ಸಂಘದಲ್ಲಿ ಹಣದ ಲೆಕ್ಕ ಇಡುತ್ತಾಳೆಂದು ಕೇಳಿ ಸಂತೋಷವಾಯಿತು.

ಇನ್ನು ಕ್ರಿಸ್ಮಸ್ಸಿನ ದಿನ ಅಳುತ್ತಿದ್ದವಳ ವಿಷಯ. ಅವಳಿಗೆ ನಾನು ದೊಡ್ಡ ಉಪದೇಶವನ್ನೇನೂ ಮಾಡಲಿಲ್ಲ. ಯೋಹಾನನ ಮೊದಲನೆಯ ಪತ್ರಿಕೆಯ ಮೊದಲನೆಯ ಅಧ್ಯಾಯವನ್ನು ಅವಳಿಂದಲೇ ಓದಿಸಿ, ಅಲ್ಲಿ ಪಾಪದ ಅರಿಕೆಯನ್ನು ಕುರಿತು ಹೇಳುವಾಗ ಆ ವೃದ್ಧ ಅಪೊಸ್ತಲನು ‘ನೀವು’ ಎನ್ನದೆ ‘ನಾವು’ ಎಂದು ತನ್ನನ್ನೂ ಸೇರಿಸಿಕೊಂಡಿರುವುದನ್ನು ಬೆರಳಿಟ್ಟು ತೋರಿಸಿದೆನು. ವ್ಯಾಕರಣದ ಪಾಠ ಮಾಡಿ ಅಭ್ಯಾಸವಾದವಳಿಗೆ ಇಂಥ ಸರ್ವನಾಮಗಳು ಮೊದಲು ಕಣ್ಣಿಗೆ ಬೀಳುತ್ತವೆ. ಆಮೇಲೆ, “ಅಕ್ಕನ ಮೇಲಿನ ಹೊಟ್ಟೆಕಿಚ್ಚು ದೃಢೀಕರಣಕ್ಕೆ ಮುಂಚೆ ನಿನಗೆ ನೋವು ಕೊಡುತ್ತಿತ್ತೇ?” ಎಂದು ಕೇಳಿದೆನು. ಸ್ವಲ್ಪ ಹೊತ್ತು ಯೋಚಿಸಿ, “ಇಲ್ಲ ಟೀಚರ್, ಆಗ ಅದು ನನಗೆ ನ್ಯಾಯವಾಗಿಯೇ ಕಾಣುತ್ತಿತ್ತು” ಎಂದಳು. ಹೆಣದ ಕಾಲಿಗೆ ಮುಳ್ಳು ಚುಚ್ಚಿದರೆ ನೋವಾಗುವುದಿಲ್ಲ. ನೋಯುತ್ತಿದೆಯೆಂದರೆ ಜೀವವಿದೆ ಎಂದು ಹೇಳಿದೆನು. ಅವಳು ಕೂಡಲೇ ಕಣ್ಣೊರಸಿಕೊಂಡು ನಕ್ಕಳೆಂದು ಬರೆದರೆ ಕಥೆಯು ಅಂದವಾಗುತ್ತಿತ್ತು, ಆದರೆ ಹಾಗಾಗಲಿಲ್ಲ. ಅವಳು ತಿರಿಗಿ ಕರ್ತನ ಮೇಜಿಗೆ ಬಂದದ್ದು ಈಸ್ಟರ್ ಹಬ್ಬದಲ್ಲಿ, ಅಕ್ಕನ ಪಕ್ಕದಲ್ಲಿ. ನಡುವಣ ತಿಂಗಳುಗಳಲ್ಲಿ ಅಕ್ಕತಂಗಿಯರೊಳಗೆ ಏನೇನು ಮಾತಾಯಿತೋ ನಾನು ಕೇಳಲಿಲ್ಲ.

ಆ ವರ್ಷದಿಂದ ಬೋರ್ಡಿಂಗಿನ ಸಾಯಂಕಾಲದ ಪ್ರಾರ್ಥನೆಯಲ್ಲಿ ಒಂದು ಸಣ್ಣ ಏರ್ಪಾಡನ್ನು ಮಾಡಿದ್ದೇನೆ. ಪ್ರಾರ್ಥನೆಯು ಮುಗಿದ ಮೇಲೆ ದೀಪವಾರಿಸುವುದಕ್ಕೆ ಮುಂಚೆ ಐದು ನಿಮಿಷ ಮೌನ. ಆ ದಿನ ಯಾರಿಗಾದರೂ ತಪ್ಪುಮಾಡಿದವರು ಅಷ್ಟರಲ್ಲಿ ಎದ್ದುಹೋಗಿ ಅವರಿಗೆ ಹೇಳಿಕೊಳ್ಳಬಹುದು; ಹೇಳಲೇಬೇಕೆಂಬ ಒತ್ತಾಯವಿಲ್ಲ. ಕ್ರೈಸ್ತರಲ್ಲದ ಮಕ್ಕಳೂ ಇದರಲ್ಲಿ ತಾವಾಗಿಯೇ ಸೇರಿಕೊಂಡಿದ್ದಾರೆ. ನಿನ್ನೆ ಹೇಳಿಕೊಂಡವಳೇ ಇಂದು ತಿರಿಗಿ ಅದೇ ಮಂಚದ ಬಳಿಗೆ ಅದೇ ತಪ್ಪಿಗಾಗಿ ಹೋಗುವುದನ್ನು ಎಷ್ಟೋ ಸಾರಿ ನೋಡಿದ್ದೇನೆ. ಮಂಚದ ಮೇಲಿದ್ದವಳು ಸ್ವಲ್ಪ ಸರಿದು ಅವಳಿಗೆ ಕೂಡಲು ಸ್ಥಳ ಕೊಡುತ್ತಾಳೆ. ಒಂಬತ್ತು ಗಂಟೆಗೆ ಆರಬೇಕಾದ ದೀಪವು ಕೆಲವು ದಿನ ಒಂಬತ್ತೂವರೆಯಾದರೂ ಆರುವುದಿಲ್ಲ.